ಓದೋಕೂ ಸಂಬಳ ಕೊಡ್ತಾರಾ ಮೇಡಂ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಬೀದಿಯಲ್ಲಿ ಇಂಟರ್ನೆಟ್ ಹೋಯಿತು. ಪೈಪ್ ಹಾಕಲು ಅಗೆಯುತ್ತಿದ್ದ ಜೆಸಿಬಿ ಕೇಬಲ್ಲನ್ನು ಕಿತ್ತುಹಾಕಿತ್ತು. ಕಾಲೇಜು ಮುಗಿಸಿ ಬರುವಾಗ ನೋಡಿದರೆ, ಲೈಟ್ ಕಂಬದ ಕೆಳಗೆ ಒಬ್ಬ ಹುಡುಗ ಟೊಮೇಟೊ ಕ್ರೇಟ್ ಬೋರಲು ಹಾಕಿಕೊಂಡು ಕೂತಿದ್ದ. ಮುಂದೆ ಟಿಫನ್ ಡಬ್ಬಿಯಷ್ಟು ದೊಡ್ಡ ಒಂದು ಮಷಿನ್. ಪಕ್ಕದಲ್ಲಿ ಇನ್ನೊಬ್ಬ ಛತ್ರಿ ಹಿಡಿದು ನಿಂತಿದ್ದ. ಛತ್ರಿ ಹುಡುಗನಿಗಲ್ಲ, ಮಷಿನ್‌ಗೆ.

ನಾನು ನಿಂತುಬಿಟ್ಟೆ. ಕಪ್ಪು ಕೇಬಲ್ ಸುಲಿದರೆ ಒಳಗೆ ಹನ್ನೆರಡು ಬಣ್ಣದ ಗಾಜಿನ ಎಳೆಗಳು. ಅವನು ನೀಲಿ ಎಳೆ ಹಿಡಿದು ಮೊದಲು ಅದಕ್ಕೆ ಒಂದು ಪುಟ್ಟ ಸ್ಲೀವ್ ತೂರಿಸಿದ. ಇದನ್ನು ಮರೆತರೆ ಎಲ್ಲ ಮತ್ತೆ ಮೊದಲಿನಿಂದ. ಆಮೇಲೆ ಮೇಲಿನ ಬಣ್ಣದ ಪದರ ಕೆರೆದ. ಸ್ಪಿರಿಟ್ ಹಾಕಿದ ಟಿಶ್ಯೂನಿಂದ ಗಾಜನ್ನು ಒರೆಸಿದ. ಚೆನ್ನಾಗಿ ಒರೆಸಿದರೆ ಗಾಜು ಕೀಚ್ ಅನ್ನುತ್ತದೆ. ಅಂದಿತು. ಕ್ಲೀವರ್‌ನಲ್ಲಿಟ್ಟು ತುದಿ ಕಟ್ ಮಾಡಿದ. ಎರಡೂ ತುದಿಗಳನ್ನು ಮಷಿನ್‌ನ ಗೀರುಗಳಲ್ಲಿ ಮಲಗಿಸಿ ಮುಚ್ಚಳ ಹಾಕಿದ. ಸ್ಕ್ರೀನ್ ಮೇಲೆ ಎರಡು ಬೂದು ಕಡ್ಡಿಗಳು ಹತ್ತಿರ ಬಂದವು. ಒಂದು ಕಿಡಿ. ಎರಡೂ ಒಂದಾದವು. ಕೆಳಗೆ ಅಂಕಿ ಬಂತು: 0.02 ಡಿಬಿ. ಬೆಸುಗೆಯಲ್ಲಿ ಸೋರುವ ಬೆಳಕಿನ ಲೆಕ್ಕ ಅದು, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಫೈಬರ್ ಅನ್ನುವ ಆ ಗಾಜಿನ ಎಳೆಯ ದಪ್ಪ 125 ಮೈಕ್ರಾನ್. ಅದರ ನಡುವೆ ಬೆಳಕು ಓಡುವ ದಾರಿ ಬರೀ 9 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿ ಅದರಲ್ಲಿ ಒಂಬತ್ತು. ಮಳೆಯಲ್ಲಿ, ಬೀದಿಯಲ್ಲಿ, ಕ್ರೇಟ್ ಮೇಲೆ ಕೂತು ಅವನು ಆ ದಾರಿಗಳನ್ನು ಎದುರುಬದುರು ತಂದು ಬೆಸೆದಿದ್ದ.

"ತುಂಬಾ ಚೆನ್ನಾಗಿ ಮಾಡ್ತೀಯಪ್ಪ" ಅಂದೆ. "ನಾನೂ ಎರಡು ವರ್ಷ ಹೆಚ್ಚುಕಮ್ಮಿ ಇದೇ ಕೆಲಸ ಮಾಡಿದ್ದೀನಿ, ಐರ್ಲೆಂಡಲ್ಲಿ."

"ಕೇಬಲ್ ಕೆಲಸಕ್ಕೆ ಹೋಗಿದ್ರಾ ಮೇಡಂ?"

"ರಿಸರ್ಚ್‌ಗೆ."

"ಎಷ್ಟು ಕಟ್ಟಿದ್ರಿ?"

"ಏನೂ ಕಟ್ಟಲಿಲ್ಲ. ಅವರೇ ಸಂಬಳ ಕೊಟ್ರು."

ಅವನು ಮುಂದಿನ ಎಳೆ ಕೈಗೆತ್ತಿಕೊಂಡಿದ್ದ. ಅದನ್ನು ಹಾಗೇ ಹಿಡಿದು ಕೇಳಿದ: "ಓದೋಕೂ ಸಂಬಳ ಕೊಡ್ತಾರಾ ಮೇಡಂ?"

ಈ ಪ್ರಶ್ನೆಯನ್ನು ನಾನು ಬಿಎಸ್ಸಿ ಮಕ್ಕಳಿಂದ ಕೇಳಿದ್ದೇನೆ, ಅವರ ತಂದೆತಾಯಿಯಿಂದ ಕೇಳಿದ್ದೇನೆ, ಒಮ್ಮೆ ಒಬ್ಬ ಬ್ಯಾಂಕ್ ಮ್ಯಾನೇಜರರಿಂದಲೂ ಕೇಳಿದ್ದೇನೆ. ಕೊಡುತ್ತಾರೆ. ಅದನ್ನು ಹೇಳಬೇಕು ಅಂತಲೇ ಇವತ್ತು ಬರೆಯಲು ಕೂತೆ.

ಬೆಳಕನ್ನು ಹುಟ್ಟಿಸುವುದು, ಸಾಗಿಸುವುದು, ತಿರುಗಿಸುವುದು, ಅಳೆಯುವುದು, ಇದನ್ನೆಲ್ಲ ಸೇರಿಸಿ ಫೋಟೋನಿಕ್ಸ್ ಅನ್ನುತ್ತಾರೆ. ನಿಮ್ಮ ಮನೆಯ ಇಂಟರ್ನೆಟ್, ಕಣ್ಣಿನ ಆಪರೇಷನ್ನಿನ ಲೇಸರ್, ಅಂಗಡಿಯ ಬಾರ್‌ಕೋಡ್ ಸ್ಕ್ಯಾನರ್ ಎಲ್ಲ ಅದೇ. ಈ ವಿಷಯದಲ್ಲಿ ಪಿಎಚ್‌ಡಿ ಮಾಡಲು ಯುರೋಪಿನಲ್ಲಿ ಮಾರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಹೆಸರಿನ ಒಂದು ಯೋಜನೆ ಇದೆ. ಅದರ ಡಾಕ್ಟೋರಲ್ ನೆಟ್‌ವರ್ಕ್‌ಗಳಲ್ಲಿ ಸೀಟು ಸಿಕ್ಕಿದರೆ ನೀವು ವಿದ್ಯಾರ್ಥಿ ಮಾತ್ರ ಅಲ್ಲ, ನೌಕರರು. ಕೆಲಸದ ಕರಾರು ಪತ್ರ ಇರುತ್ತದೆ, ಕೆಲವು ವರ್ಷ ಸಂಬಳ ಬರುತ್ತದೆ, ಸಂಸಾರ ಇದ್ದರೆ ಅದಕ್ಕೆ ಬೇರೆ ಭತ್ಯೆ. ಯಾವ ದೇಶದವರು ಅಂತ ಕೇಳುವುದಿಲ್ಲ. ಕೇಳುವುದು ಒಂದು ವಿಚಿತ್ರ ವಿಷಯ: ಹಿಂದಿನ 36 ತಿಂಗಳಲ್ಲಿ ನೀವು ಹೋಗಬೇಕಾದ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಅಂದರೆ ಬೇರೆ ಕಡೆಯಿಂದ ಬರುವವರೇ ಬೇಕು. ಮಾಲೂರಿನಿಂದ, ಬಂಗಾರಪೇಟೆಯಿಂದ ನೇರ ಹೋಗುವವರಿಗೆ ಇದರಷ್ಟು ಸುಲಭದ ನಿಯಮ ಇನ್ನೊಂದಿಲ್ಲ.

ಈ ಸೀಟುಗಳನ್ನು ಯೂರಾಕ್ಸೆಸ್ ಅನ್ನುವ ತಾಣದಲ್ಲಿ ಹಾಕುತ್ತಾರೆ. ನೋಡಲು ದುಡ್ಡಿಲ್ಲ. ಆದರೆ ನಮ್ಮ ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ಇದರ ಪೋಸ್ಟರ್ ನೀವು ಎಂದೂ ನೋಡುವುದಿಲ್ಲ. ಅಲ್ಲಿರುವುದು ಲಕ್ಷಾಂತರ ಸಾಲ ಮಾಡಿ ವಿದೇಶದಲ್ಲಿ ಓದಿ ಅನ್ನುವ ಪೋಸ್ಟರ್. ಸಾಲ ಮಾಡಿಸಿದರೆ ನಡುವಿನವರಿಗೆ ಕಮಿಷನ್ ಸಿಗುತ್ತದೆ. ಸಂಬಳ ಕೊಡುವ ಸೀಟಿಗೆ ಕಮಿಷನ್ ಇಲ್ಲ, ಹಾಗಾಗಿ ಅದರ ಬಗ್ಗೆ ಹೇಳುವವರೂ ಇಲ್ಲ. ಜಮೀನು ಅಡ ಇಟ್ಟು ಮಗನನ್ನು ಕಳಿಸಿದ ಒಬ್ಬ ತಂದೆ ನನ್ನ ಮುಂದೆ ಕೂತು ಇದನ್ನೆಲ್ಲ ಕೇಳಿಸಿಕೊಂಡು, "ಮೊದಲೇ ಗೊತ್ತಿದ್ರೆ" ಅಂದು ಸುಮ್ಮನಾದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನಗೂ ಮೊದಲೇ ಗೊತ್ತಿರಲಿಲ್ಲ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡಿ ಎಂಎಸ್ಸಿ ಮಾಡಿದವಳು ನಾನು. ಪಿಎಚ್‌ಡಿ ಸೇರಿದ ಮೇಲೂ ಲ್ಯಾಬ್‌ನ ಮೂಲೆಯಲ್ಲಿ ತಲೆ ತಗ್ಗಿಸಿ ಕೆಲಸ ಮಾಡಿಕೊಂಡಿದ್ದೆ. ಒಬ್ಬ ಸೀನಿಯರ್ ಅಕ್ಕ ನೋಟಿಸ್ ಬೋರ್ಡ್‌ನಿಂದ ಒಂದು ಹಾಳೆ ಕಿತ್ತು ತಂದು ನನ್ನ ಟೇಬಲ್ ಮೇಲಿಟ್ಟರು. ಇಟಲಿಯ ತ್ರಿಯೆಸ್ತೆ ಊರಿನಲ್ಲಿ ಬೆಳಕಿನ ವಿಜ್ಞಾನದ ಚಳಿಗಾಲದ ಕಾಲೇಜು. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಅಲ್ಲಿ ಒಂದು ಕೇಂದ್ರ ಕಟ್ಟಿದರು. ಬಡ ದೇಶಗಳ ವಿಜ್ಞಾನಿಗಳು ತಮ್ಮ ಊರಿನಲ್ಲಿ ಒಂಟಿಯಾಗಿ ಕೊರಗಬಾರದು, ವರ್ಷಕ್ಕೆ ಸ್ವಲ್ಪ ದಿನ ಬಂದು ಹೊಸ ವಿಷಯ ಕಲಿತು ವಾಪಸ್ ಹೋಗಿ ಕೆಲಸ ಮಾಡಲಿ ಅನ್ನುವುದು ಅವರ ಆಸೆ. ಶುಲ್ಕ ಇಲ್ಲ. ನಮ್ಮಂಥ ದೇಶಗಳಿಂದ ಬರುವ ಕೆಲವರಿಗೆ ಓಡಾಟದ, ಉಳಿದುಕೊಳ್ಳುವ ಖರ್ಚನ್ನೂ ಕೊಡುತ್ತಾರೆ. ನನಗೆ ಕೊಟ್ಟರು.

ಫೆಬ್ರವರಿ ತಿಂಗಳು. ತ್ರಿಯೆಸ್ತೆಯಲ್ಲಿ ಬೋರಾ ಅಂತ ಒಂದು ಗಾಳಿ ಬೀಸುತ್ತದೆ. ಬೆಟ್ಟದಿಂದ ಸಮುದ್ರಕ್ಕೆ ನುಗ್ಗುವ ಗಾಳಿ, ನೆಟ್ಟಗೆ ನಿಲ್ಲಲು ಬಿಡುವುದಿಲ್ಲ. ನಾನು ಅಮ್ಮನ ಶಾಲನ್ನು ಕೋಟಿನೊಳಗೆ ಸುತ್ತಿಕೊಂಡು ಹೋಗುತ್ತಿದ್ದೆ. ಕ್ಯಾಮರೂನಿನ ಒಬ್ಬ ಮೇಷ್ಟ್ರು, ಬಾಂಗ್ಲಾದೇಶದ ಒಬ್ಬ ಹುಡುಗಿ, ನಾನು, ಮೂವರದು ಒಂದು ಗುಂಪು. ಮೊದಲ ದಿನ ಉಪನ್ಯಾಸ ಮುಗಿದ ಮೇಲೆ ಪ್ರೊಫೆಸರ್ "ಪ್ರಶ್ನೆ?" ಅಂದರು. ನನ್ನ ಬಾಯಲ್ಲಿ ಪ್ರಶ್ನೆ ಇತ್ತು, ಕೈ ಮೇಲೇಳಲಿಲ್ಲ. ನಮ್ಮ ಕಡೆ ಪ್ರಶ್ನೆ ಕೇಳಿದರೆ ಎದುರು ಮಾತಾಡಿದ ಹಾಗೆ ಅಲ್ವಾ? ಕ್ಯಾಮರೂನಿನ ಮೇಷ್ಟ್ರು ನನ್ನ ನೋಟ್ ಬುಕ್ ಇಣುಕಿ ನೋಡಿ, "ಇದು ಒಳ್ಳೆಯ ಪ್ರಶ್ನೆ, ನೀನು ಕೇಳದಿದ್ದರೆ ನಾನು ಕೇಳುತ್ತೇನೆ" ಅಂದರು. ಮೂರನೇ ದಿನ ನಾನೇ ಕೇಳಿದೆ. ಲೇಸರ್ ಬಗ್ಗೆ ಅಲ್ಲಿ ಕಲಿತದ್ದನ್ನು ಪುಸ್ತಕ ಓದಿಯೂ ಕಲಿಯಬಹುದಿತ್ತು. ಕೈ ಎತ್ತುವುದನ್ನು ಪುಸ್ತಕದಿಂದ ಕಲಿಯಲು ಆಗುತ್ತಿರಲಿಲ್ಲ.

ಪಿಎಚ್‌ಡಿ ಆದ ಮೇಲೆ ಎರಡು ವರ್ಷದ ಮಾರಿ ಕ್ಯೂರಿ ಫೆಲೋಶಿಪ್‌ಗೆ ಅರ್ಜಿ ಹಾಕಿದೆ. ಇದು ಪಿಎಚ್‌ಡಿ ಮುಗಿಸಿದವರಿಗೆ ಇರುವುದು. ಈಗಿನ ನಿಯಮದ ಪ್ರಕಾರ ಆಮೇಲಿನ ಸಂಶೋಧನೆಯ ಅನುಭವ 8 ವರ್ಷ ಮೀರಿರಬಾರದು. ಅರ್ಜಿಯ ಮುಖ್ಯ ಭಾಗ 10 ಪುಟ. ವಿಜ್ಞಾನ ಎಷ್ಟು ಗಟ್ಟಿ ಅನ್ನುವುದಕ್ಕೆ 50 ಭಾಗ ಅಂಕ, ಅದರಿಂದ ನಿಮಗೂ ಜಗತ್ತಿಗೂ ಏನು ಪ್ರಯೋಜನ ಅನ್ನುವುದಕ್ಕೆ 30, ಕೆಲಸವನ್ನು ಹೇಗೆ ಮಾಡಿ ಮುಗಿಸುತ್ತೀರಿ ಅನ್ನುವುದಕ್ಕೆ 20. ನಾನು ಮೊದಲ 50ಕ್ಕೆ ಜೀವ ತೇದೆ. ಉಳಿದದ್ದನ್ನು ಕೊನೆಯ ಎರಡು ರಾತ್ರಿ ಗೀಚಿದೆ. ಸಿಗಲಿಲ್ಲ.

ಸಿಗದಿದ್ದರೂ ಅವರು ಸುಮ್ನೆ ಇಲ್ಲ ಅಂದು ಕೈ ತೊಳೆದುಕೊಳ್ಳುವುದಿಲ್ಲ. ಎಲ್ಲಿ ಚೆನ್ನಾಗಿದೆ, ಎಲ್ಲಿ ಸೊರಗಿದೆ ಅಂತ ವರದಿ ಕಳಿಸುತ್ತಾರೆ. ನನ್ನ ವಿಜ್ಞಾನಕ್ಕೆ ಒಳ್ಳೆಯ ಮಾತು ಬಂದಿತ್ತು. ಸೊರಗಿದ್ದು ನಾನು. ಈ ಎರಡು ವರ್ಷ ಅರ್ಜಿದಾರರ ವೃತ್ತಿಯನ್ನು ಹೇಗೆ ಬದಲಿಸುತ್ತದೆ ಅನ್ನುವುದು ಎಲ್ಲೂ ಸ್ಪಷ್ಟವಾಗಿಲ್ಲ ಅನ್ನುವ ಅರ್ಥದ ಸಾಲುಗಳಿದ್ದವು. ನನ್ನ ಅರ್ಜಿ ತೆರೆದು ನೋಡಿದೆ. ನಿಜ. ಐದು ವರ್ಷದ ನಂತರ ನೀವು ಏನಾಗಿರಬೇಕು ಅನ್ನುವ ಜಾಗದಲ್ಲಿ, ದೇಶಕ್ಕೆ ಸೇವೆ ಸಲ್ಲಿಸುವ ಒಳ್ಳೆಯ ಸಂಶೋಧಕಿ ಅಂತ ಒಂದು ಸಾಲು ಬರೆದಿದ್ದೆ.

ಯಾಕೆ ಹಾಗೆ ಬರೆದೆ ಅಂತ ತುಂಬಾ ಯೋಚನೆ ಮಾಡಿದೆ. ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ, ಅಷ್ಟೇ. ಎಷ್ಟು ಮಾರ್ಕ್ಸ್ ಅಂತ ಕೇಳಿದ್ದರು. ಮದುವೆ ಯಾವಾಗ ಅಂತ ಕೇಳಿದ್ದರು. ಕೆಲಸ ಪರ್ಮನೆಂಟಾ ಅಂತ ಕೇಳಿದ್ದರು. ನೀನು ಏನಾಗಬೇಕು, ಅದಕ್ಕೆ ನಿನಗೆ ಇನ್ನೂ ಏನು ಬರುವುದಿಲ್ಲ, ಅದನ್ನು ಯಾರ ಹತ್ತಿರ ಕಲಿಯುತ್ತೀಯ, ಎಂದು ಹೀಗೆ ಎಳೆ ಎಳೆಯಾಗಿ ಕೇಳಿದ್ದು ಜೀವನದಲ್ಲಿ ಆ ಅರ್ಜಿಯೊಂದೇ. ಅರ್ಜಿಯಲ್ಲಿ ಅದು ಕರಿಯರ್ ಡೆವಲಪ್‌ಮೆಂಟ್, ಅಂದರೆ ವೃತ್ತಿಯ ಬೆಳವಣಿಗೆ, ಅನ್ನುವ ವಿಷಯ. ಹೆಸರು ಕೇಳಿದರೆ ಆಫೀಸಿನ ಕಾಗದ ಅನ್ನಿಸುತ್ತದೆ. ನಾನು ಅದನ್ನು ಬರೆಯಲು ಒಂದು ತಿಂಗಳು ತೆಗೆದುಕೊಂಡೆ. ಬರೆಯುತ್ತಾ ಗೊತ್ತಾಯಿತು, ನನಗೆ ಲೆಕ್ಕ ಬರುತ್ತದೆ, ಲೇಸರ್ ಬರುತ್ತದೆ, ಆದರೆ ಚಿಪ್‌ಗೆ ಫೈಬರ್ ಜೋಡಿಸಲು ಬರುವುದಿಲ್ಲ. ಕಂಪನಿಯವರ ಜೊತೆ ಮಾತಾಡಲು ಬರುವುದಿಲ್ಲ. ಬರುವುದಿಲ್ಲ ಅಂತ ಬರೆಯಲು ನಾಚಿಕೆ ಆಯಿತು. ಬರೆದೆ. ಎರಡನೇ ಸಲ ಸಿಕ್ಕಿತು.

ಸುಲಭ ಅಂತ ಯಾರೂ ತಿಳಿಯಬೇಡಿ. ಹತ್ತು ಜನ ಹಾಕಿದರೆ ಒಬ್ಬಿಬ್ಬರಿಗೆ ಸಿಗುತ್ತದೆ. 85 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದೂ ಹಣ ಸಾಲದೆ ಬಿಟ್ಟುಹೋದವರಿಗೆ ಸೀಲ್ ಆಫ್ ಎಕ್ಸಲೆನ್ಸ್ ಅನ್ನುವ ಪತ್ರ ಕೊಡುತ್ತಾರೆ, ಅದನ್ನು ತೋರಿಸಿ ಬೇರೆ ಕಡೆ ಹಣ ಕೇಳಬಹುದು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಸಂಬಳ ಬರುತ್ತದೆ, ಆದರೆ ತಿಂಗಳು ತುಂಬಿದ ಮೇಲೆ. ವೀಸಾ, ಟಿಕೆಟ್, ಬಾಡಿಗೆ ಮನೆಯ ಡಿಪಾಸಿಟ್ ಅದಕ್ಕೂ ಮೊದಲು ಬರುತ್ತವೆ. ಅಮ್ಮ ತನ್ನ ನಾಲ್ಕು ಬಳೆ ಬಿಚ್ಚಿ ಕೊಟ್ಟರು. ಬ್ಯಾಂಕಿನಲ್ಲಿ ಗಿರವಿ ಇಟ್ಟು ಹೋದೆ. ಮೂರನೇ ತಿಂಗಳಿಗೆ ಬಿಡಿಸಿಕೊಂಡೆವು. ಬಳೆ ಇಲ್ಲದ ಮನೆಯ ಮಗು ಏನು ಮಾಡಬೇಕು ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಹೋದದ್ದು ಐರ್ಲೆಂಡಿನ ಕಾರ್ಕ್ ಊರಿಗೆ. ಫೋಟೋನಿಕ್ಸ್ ಚಿಪ್‌ಗಳ ಪ್ಯಾಕೇಜಿಂಗ್‌ಗೆ, ಅಂದರೆ ಚಿಪ್‌ಗೆ ಫೈಬರ್ ಜೋಡಿಸಿ ಬಳಸಲು ಸಿದ್ಧ ಮಾಡುವ ಕೆಲಸಕ್ಕೆ, ಹೆಸರಾದ ಊರು. ಅಲ್ಲಿನ ರಾಷ್ಟ್ರೀಯ ಸಂಸ್ಥೆಗೆ ಜಾನ್ ಟಿಂಡಲ್ ಹೆಸರಿಟ್ಟಿದ್ದಾರೆ. ಐರ್ಲೆಂಡಿನ ಈ ವಿಜ್ಞಾನಿ 1854ರಲ್ಲಿ ಲಂಡನ್ನಿನಲ್ಲಿ ಜನರ ಮುಂದೆ ಒಂದು ತೊಟ್ಟಿಯ ತೂತಿನಿಂದ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಹೋಗುವುದನ್ನು ತೋರಿಸಿದ. ಫೈಬರ್ ಕೆಲಸ ಮಾಡುವುದೂ ಹಾಗೆಯೇ, ಗಾಜಿನೊಳಗೆ ಪುಟಿಯುತ್ತಾ ಪುಟಿಯುತ್ತಾ.

ನನ್ನ ಕೆಲಸ ಏನಿತ್ತು ಅಂತ ಹೇಳುತ್ತೇನೆ. ಸಿಲಿಕಾನ್ ಚಿಪ್ ಮೇಲೆ ಬೆಳಕು ಓಡುವ ದಾರಿ ಸುಮಾರು ಅರ್ಧ ಮೈಕ್ರಾನ್ ಅಗಲ. ಫೈಬರ್‌ನ ದಾರಿ 9 ಮೈಕ್ರಾನ್. ಬಿಂದಿಗೆಯ ನೀರನ್ನು ಇಂಜೆಕ್ಷನ್ ಸೂಜಿಗೆ ಸುರಿದ ಹಾಗೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಸರಿಯಾದ ಜಾಗ ಹುಡುಕಿ, ಅಂಟು ಹಾಕಿ, ಅದರ ಮೇಲೆ ಯುವಿ ಬೆಳಕು ಬಿಟ್ಟು ಗಟ್ಟಿ ಮಾಡಬೇಕು. ಗಟ್ಟಿಯಾಗುವಾಗ ಅಂಟು ಒಂಚೂರು ಕುಗ್ಗುತ್ತದೆ. ಕುಗ್ಗುವಾಗ ಫೈಬರನ್ನು ಎಳೆಯುತ್ತದೆ. ಒಂದು ಮೈಕ್ರಾನ್ ಸರಿದರೂ ಬೆಳಕು ಹೋಯಿತು. ಬೆಳಿಗ್ಗೆಯಿಂದ ಕೂತು ಸರಿ ಮಾಡಿದ್ದು ಸಂಜೆ ಒಂದು ನಿಮಿಷದಲ್ಲಿ ಕೈತಪ್ಪುತ್ತಿತ್ತು. ಮೂರು ತಿಂಗಳು ಹೀಗೇ. ಚಿಪ್ ಮಾಡುವುದಕ್ಕಿಂತ ಈ ಜೋಡಿಸುವ ಕೆಲಸಕ್ಕೇ ಎಷ್ಟೋ ಸಲ ಜಾಸ್ತಿ ಖರ್ಚಾಗುತ್ತದೆ ಅಂತ ಯಾಕೆ ಹೇಳುತ್ತಾರೆ ಅಂತ ಆಗ ಅರ್ಥವಾಯಿತು.

ಕಲಿಸಿದವರು ಪ್ರೊಫೆಸರ್ ಅಲ್ಲ. ಫೆಲೋಶಿಪ್‌ನಲ್ಲಿ ಸ್ವಲ್ಪ ಕಾಲ ಬೇರೆ ಸಂಸ್ಥೆಗೋ ಕಂಪನಿಗೋ ಹೋಗಿ ಕೆಲಸ ಮಾಡುವ ಅವಕಾಶ ಇರುತ್ತದೆ, ಸೆಕೆಂಡ್‌ಮೆಂಟ್ ಅನ್ನುತ್ತಾರೆ. ನಾನು ಹೋದ ಸಣ್ಣ ಕಂಪನಿಯಲ್ಲಿ ಒಬ್ಬ ಹಿರಿಯ ಟೆಕ್ನೀಷಿಯನ್ ಇದ್ದರು. ಡಿಗ್ರಿ ಮಾಡಿದವರಲ್ಲ. ನನ್ನ ಅಂಟಿನ ಹನಿ ನೋಡಿ, "ಒಂದು ಕಡೆ ಜಾಸ್ತಿ ಇದೆ, ಜಾಸ್ತಿ ಇರುವ ಕಡೆಗೆ ಎಳೆಯುತ್ತೆ" ಅಂದರು. ಎರಡೂ ಕಡೆ ಸಮನಾಗಿ, ತೆಳುವಾಗಿ ಹಾಕುವುದನ್ನು ಕೈ ಹಿಡಿದು ತೋರಿಸಿದರು. ನಮ್ಮ ಬೀದಿಯ ಹುಡುಗ ಕ್ರೇಟ್ ಮೇಲೆ ಕೂತದ್ದು ನೋಡಿದಾಗ ನನಗೆ ನೆನಪಾದದ್ದು ಅವರ ಬೆರಳುಗಳು.

ಮಗನಿಗೆ ಆಗ ಮೂರು ವರ್ಷ. ಮೊದಲ ನಾಲ್ಕು ತಿಂಗಳು ಅಮ್ಮನ ಹತ್ತಿರ ಬಿಟ್ಟಿದ್ದೆ. ವಿಡಿಯೋ ಕಾಲ್‌ನಲ್ಲಿ ಅವನು ನನ್ನ ಮುಖ ನೋಡುತ್ತಿರಲಿಲ್ಲ, ಫೋನಿನ ಹಿಂಭಾಗ ತಿರುಗಿಸಿ ನೋಡುತ್ತಿದ್ದ. ಆಮೇಲೆ ಅವನೂ ಅವರಪ್ಪನೂ ಬಂದರು. ಹೆಣ್ಣುಮಕ್ಕಳಿಗೆ ಒಂದು ವಿಷಯ ಹೇಳಲೇಬೇಕು: ಹೆರಿಗೆ, ಮಗು ನೋಡಿಕೊಂಡ ರಜೆಯನ್ನು ಆ 8 ವರ್ಷದ ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಮಗು ಆಯಿತು, ಇನ್ನೆಲ್ಲಿ ಫೆಲೋಶಿಪ್ ಅಂತ ಕೈಬಿಟ್ಟವರನ್ನು ತುಂಬಾ ಜನ ನೋಡಿದ್ದೇನೆ. ಕೈಬಿಡಬೇಡಿ.

ವಿದೇಶದವರ ಜೊತೆ ಸೇರಿ ಕೆಲಸ ಮಾಡುವುದು ನಮ್ಮಂಥ ಊರಿನವರಿಗಲ್ಲ ಅಂತ ಕೆಲವರು ಹೇಳುತ್ತಾರೆ. ಅವರಿಗೆ ನಾನು ನಮ್ಮ ತಾತನ ಕಥೆ ಹೇಳುತ್ತೇನೆ. ತಾತ ಕೆಜಿಎಫ್ ಗಣಿಯಲ್ಲಿ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದರು. 1950ರ ದಶಕದಲ್ಲೇ ಮೈಸೂರು ಸೀಮೆಯ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ಅವರು ಆ ಗಣಿಗೆ ಇಳಿದು ಆಕಾಶದಿಂದ ಬರುವ ಕಣಗಳನ್ನು ಅಳೆದಿದ್ದರು. 1965ರಲ್ಲಿ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳವರು ಸೇರಿ ನೆಲದಡಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದಲ್ಲಿ ಹುಟ್ಟಿ ಕಲ್ಲುಮಣ್ಣನ್ನೂ ತೂರಿ ಬರುವ ನ್ಯೂಟ್ರಿನೋ ಕಣಗಳ ಗುರುತು ಹಿಡಿದರು. ಜಗತ್ತಿನಲ್ಲಿ ಹಾಗೆ ಹಿಡಿದ ಮೊದಲ ಕೆಲವರಲ್ಲಿ ಅವರೂ ಸೇರಿದ್ದಾರೆ. ಹೇಗೆ ಹಿಡಿದರು? ಬೆಳಕಿನಿಂದ. ಕಣ ಹಾದುಹೋದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳು, ನಿಯಾನ್ ತುಂಬಿದ ಗಾಜಿನ ಕೊಳವೆಗಳು, ಆ ಮಿಂಚಿನ ಫೋಟೋ. ತಾತ ಹೇಳುತ್ತಿದ್ದರು: "ಜಪಾನಿನೋರು, ಬಿಳಿಯರು, ಬಾಂಬೆಯೋರು ಎಲ್ಲ ಒಂದೇ ಕೇಜ್‌ನಲ್ಲಿ ಇಳಿಯೋರು. ಕತ್ತಲಲ್ಲಿ ದೀಪ ಹತ್ತೋದನ್ನ ಕಾಯ್ತಾ ಇರೋರು." ಗಣಿ 2001ರಲ್ಲಿ ಮುಚ್ಚಿತು. ಆ ಕೇಜ್‌ನಲ್ಲಿ ಇಳಿದವರ ಮೊಮ್ಮಕ್ಕಳು ಈಗ ಸ್ವರ್ಣ ರೈಲಿನಲ್ಲಿ ಬೆಳಿಗ್ಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ.

ನಾನು ಯಾಕೆ ವಾಪಸ್ ಬಂದೆ ಅಂತ ಕೇಳುತ್ತಾರೆ. ಬರಬೇಕು ಅನ್ನಿಸಿತು, ಬಂದೆ. ಇಲ್ಲಿ ನನಗೆ ಆ ಲ್ಯಾಬ್ ಇಲ್ಲ. ಪೆಟ್ ಬಾಟಲಿಗೆ ಮೊಳೆಯಿಂದ ತೂತು ಮಾಡಿ, ನೀರು ಬಿಟ್ಟು, ಹಿಂದಿನಿಂದ ಲೇಸರ್ ಪಾಯಿಂಟರ್ ಹಿಡಿದು ಸರ್ಕಾರಿ ಶಾಲೆಯ ಮಕ್ಕಳಿಗೆ ಟಿಂಡಲ್ ತೋರಿಸಿದ್ದನ್ನೇ ತೋರಿಸುತ್ತೇನೆ. ಕೆಂಪು ಬೆಳಕು ನೀರಿನ ಜೊತೆ ಬಾಗಿ ಬಕೆಟ್‌ಗೆ ಬೀಳುತ್ತದೆ. ಮಕ್ಕಳು ಬಕೆಟ್‌ಗೆ ಕೈ ಹಾಕಿ ಹುಡುಕುತ್ತಾರೆ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹಜಾರದಲ್ಲಿ ಅರ್ಜಿ ಓದುತ್ತೇವೆ. ಒಟ್ಟಿಗೆ, ಜೋರಾಗಿ, ಸಾಲು ಸಾಲು. ಮೊದಲು ನಮ್ಮಲ್ಲೇ ಇರುವುದು: ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್. ಡಿಗ್ರಿ ಓದುವವರೂ ಹಾಕಬಹುದು. ಆಮೇಲೆ ನೆಟ್, ಗೇಟ್ ಪರೀಕ್ಷೆಗಳು. ಆಮೇಲೆ ಹೊರಗಿನದು.

ಹೋದ ಭಾನುವಾರ ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗಿ ತನ್ನ ಬಗ್ಗೆ ಬರೆದು ತಂದಿದ್ದಳು. ಚಿಕ್ಕಂದಿನಿಂದ ನನಗೆ ಭೌತಶಾಸ್ತ್ರದಲ್ಲಿ ಆಸಕ್ತಿ ಅಂತ ಶುರು. "ನಿಜವಾಗ್ಲೂ ಏನು ನೋಡಿದ್ದೆ, ಅದನ್ನ ಹೇಳಮ್ಮ" ಅಂದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ಬೆಳಿಗ್ಗೆ ಆರಕ್ಕೆ ಡೇರಿಗೆ ಹಾಲು ಹಾಕಲು ಹೋಗುತ್ತಾಳೆ. ಫ್ಯಾಟ್ ಎಷ್ಟು ಬಂತು ಅಂತ ದಿನಾ ಜಗಳ. ಒಂದೇ ಹಸು, ಒಂದೇ ಮೇವು, ನಿನ್ನೆ ಒಂದು ಅಂಕಿ, ಇವತ್ತು ಒಂದು. ಅವಳಮ್ಮ ಕ್ಯಾನ್ ಹಿಡಿದು ಏನೂ ಮಾತಾಡದೆ ವಾಪಸ್ ಬರುತ್ತಾರೆ. "ಬೆಳಕಿನಿಂದ ಹಾಲು ಅಳೆಯೋಕೆ ಆಗುತ್ತಾ ಮೇಡಂ?" ಆಗುತ್ತದೆ. ಕೊಬ್ಬು, ಪ್ರೋಟೀನು ಒಂದೊಂದೂ ಅತಿಗೆಂಪು ಬೆಳಕಿನ ಒಂದೊಂದು ಭಾಗವನ್ನು ಹೀರಿಕೊಳ್ಳುತ್ತದೆ. ದೊಡ್ಡ ಲ್ಯಾಬ್‌ಗಳಲ್ಲಿ ಹಾಗೆ ಅಳೆಯುವ ಯಂತ್ರಗಳಿವೆ. ಅದನ್ನು ಚಿಪ್ ಮೇಲೆ ತಂದು ಅಂಗೈಯಷ್ಟು ಮಾಡುವುದು ಈಗ ಜಗತ್ತಿನ ಹಲವು ಲ್ಯಾಬ್‌ಗಳಲ್ಲಿ ನಡೆಯುತ್ತಿರುವ ಕೆಲಸ. ಅವಳು ಮೊದಲ ಸಾಲನ್ನು ಹೊಡೆದುಹಾಕಿ ಡೇರಿಯಿಂದ ಶುರು ಮಾಡಿದಳು.

ಅವಳು ಬರೆಯುತ್ತಿದ್ದಾಗಲೇ ಗೇಟ್ ಸದ್ದಾಯಿತು. ಕೇಬಲ್ ಹುಡುಗ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಒಳಗೆ ಐಟಿಐ ಮಾರ್ಕ್ಸ್ ಕಾರ್ಡ್. ಕ್ಯಾಲೆಂಡರಿನ ಹಳೆಯ ಹಾಳೆ ಕಿತ್ತು ಹಿಂದೆ ಬರೆದೆ: ಐಟಿಐಯಿಂದ ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ. ಆಮೇಲೆ ಎಂಟೆಕ್. ಆಮೇಲೆ ಸಂಬಳದ ಪಿಎಚ್‌ಡಿ. ಅವನು ಬೆರಳು ಮಡಚುತ್ತಾ ವರ್ಷ ಎಣಿಸಿದ. ಮತ್ತೆ ಎಣಿಸಿದ. ಸಂಜೆ ಕಾಲೇಜು ಇದೆಯಾ, ಕೆಲಸ ಬಿಡದೆ ಆಗುತ್ತಾ ಅಂತ ಕೇಳಿದ. ಅದನ್ನು ವಿಚಾರಿಸಿ ಹೇಳುತ್ತೇನೆ ಅಂದೆ.

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ನರಸಾಪುರದ ಹತ್ತಿರ ಎಲ್ಲೋ ಕೇಬಲ್ ಕಟ್ ಆಗಿತ್ತು. ಎದ್ದು ನಿಂತ. ಕವರನ್ನು ತೆಗೆದುಕೊಳ್ಳಲು ಹೋಗಿ, ಮತ್ತೆ ಟೀಪಾಯ್ ಮೇಲೆ ಇಟ್ಟ.

"ಇದು ಇಲ್ಲೇ ಇರ್ಲಿ ಮೇಡಂ. ಮಳೆಯಲ್ಲಿ ನೆನೆಯುತ್ತೆ. ಬರೋ ಭಾನುವಾರ ಬರ್ತೀನಿ."